ಪಾತ್ರಕ್ಕೊಂದು ಶೀಲ

ಕಾದಂಬರಿಕಾರನು ತನ್ನ ಪಾತ್ರದ ಶೀಲವನ್ನು ಕಥೆ ಬೆಳೆದಂತೆ ಕಂಡುಕೊಳ್ಳುತ್ತಾನೆ. ಕಥೆಯ ಮೊದಲ ಮಾತು ಹುಟ್ಟುವ ಮುನ್ನವೇ ‘ನೀನು ಎಂಥವನು?’ ಎಂದು ಕೇಳುವ ಆಟವೊಂದುಂಟು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಸನ್ನಿವೇಶವನ್ನು ವರ್ಣಿಸುತ್ತಿರಲು, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತ, ದಾಳ ಉರುಳಿಸುತ್ತ ಕಥೆಯನ್ನು ಮುಂದೊಯ್ಯುತ್ತಾರೆ.

ಮೊದಲಲ್ಲಿ ಆರಿಸಿಕೊಳ್ಳಲು ಇದ್ದ ಪಕ್ಷಗಳು ಮೂರೇ: ಕಟ್ಟಳೆ, ತಾಟಸ್ಥ್ಯ, ಸ್ವೈರತೆ. ಕಟ್ಟಳೆಯೇ ಒಳಿತು, ಸ್ವೈರತೆಯೇ ಕೆಡುಕು ಎಂದು ಭ್ರಮಿಸುವುದು ಸುಲಭವಾಗಿತ್ತು. 1976ರ ಲೇಖನವೊಂದರಲ್ಲಿ ಗೈಗ್ಯಾಕ್ಸ್ ಈ ಗಂಟನ್ನು ಬಿಡಿಸಿ, ಒಳಿತು ಕೆಡುಕುಗಳಿಗೆ ಬೇರೆಯೇ ಗೆರೆಯೆಳೆದನು. 1978ರ ಆಟಗಾರರ ಕೈಪಿಡಿಯ ವೇಳೆಗೆ ಶೀಲಗಳು ಒಂಬತ್ತಾದವು.

ಈ ಒಂಬತ್ತು ಮನೆಗಳಲ್ಲಿ ನನ್ನನ್ನು ತಡೆದು ನಿಲ್ಲಿಸುವವು ಎರಡು: ಕಟ್ಟಳೆ ಮೀರದ ದುಷ್ಟನದು, ಕಟ್ಟಳೆಗೆ ಬಗ್ಗದ ಸಜ್ಜನನದು. ಮೊದಲನೆಯವನು ಕರಾರುಪತ್ರದಲ್ಲಿ ಬರೆದುದನ್ನು ಚಾಚೂ ತಪ್ಪದೆ ನಡೆಸುವನು. ಆ ಪತ್ರದ ಬಲದಿಂದಲೇ ಬಡವನ ಮನೆಯನ್ನು ಕಿತ್ತುಕೊಳ್ಳುವನು. ಎರಡನೆಯವನು ಹಸಿದವರಿಗಾಗಿ ಅರಸನ ಕಣಜದ ಬೀಗ ಒಡೆಯುವನು. ನಮ್ಮ ‘ಧರ್ಮ’ವೆಂಬ ಮಾತು ಕಟ್ಟಳೆಯನ್ನೂ ಒಳಿತನ್ನೂ ಒಟ್ಟಿಗೆ ಹೊತ್ತಿದೆ, ಅವೆರಡೂ ಅಗಲುವ ಗಳಿಗೆ ನಮ್ಮ ಕಣ್ತಪ್ಪಿಹೋಗಬಹುದು. ವಿಧೇಯ ವಿದ್ಯಾರ್ಥಿಯೇ ಒಳ್ಳೆಯ ವಿದ್ಯಾರ್ಥಿಯೆಂದು ನಂಬುವ ಉಪಾಧ್ಯಾಯರು ಈ ಚೌಕವನ್ನೊಮ್ಮೆ ನೋಡಬೇಕೆಂದು ನನ್ನ ಆಸೆ.

ಹೆಸರು ಹಚ್ಚಿದ ಮಾತ್ರಕ್ಕೆ ಶೀಲ ಬಂದೀತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ‘ನನ್ನ ಪಾತ್ರವೇ ಅಂಥದು’ ಎಂದು ಜೊತೆಯವರ ಗಂಟು ಕದಿಯುವ ಆಟಗಾರನು ಶೀಲದ ಹೆಸರಿನಲ್ಲಿ ನೆಪವನ್ನು ಆರಿಸಿಕೊಂಡವನು. ಶೀಲ ಬದಲಿಸಿದ ಪಾತ್ರಕ್ಕೆ ಗಳಿಸಿದ ಅಂತಸ್ತಿನಲ್ಲಿ ಒಂದು ಮೆಟ್ಟಿಲು ಇಳಿಸುವ ದಂಡವನ್ನು 1979ರ ನಿಯಮಗ್ರಂಥವು ವಿಧಿಸಿತ್ತು. 2014ರ ಆವೃತ್ತಿಯಲ್ಲಿ ಒಂಬತ್ತು ಶೀಲಗಳುಂಟು, ಆ ದಂಡವಿಲ್ಲ. ನನಗೆ ಇದೇ ಲೇಸೆನಿಸುತ್ತದೆ. ಆರಿಸಿದ ಶೀಲವು ಪಾತ್ರದ ಮೇಲೆ ಒತ್ತಿದ ಮುದ್ರೆಯಾಗದೆ, ಅದು ತೊಟ್ಟ ವ್ರತವಾಗಬೇಕು. ವ್ರತಭಂಗದ ನೋವನ್ನು ಕಥೆಯೇ ಉಣಿಸಬೇಕು.

ಸೆರೆಸಿಕ್ಕ ಶತ್ರುವಿಗೆ ಬಿಡುಗಡೆಯ ಮಾತು ಕೊಟ್ಟಾಗಿದೆ. ಬಿಟ್ಟರೆ ಅವನು ಪಡೆಯನ್ನು ಕರೆತಂದು ಹಳ್ಳಿಯನ್ನು ಸುಡುವನೆಂಬುದು ಆಮೇಲೆ ತಿಳಿಯುತ್ತದೆ. ಕಟ್ಟಳೆ, ಒಳಿತು ಎರಡನ್ನೂ ಹಾಳೆಯಲ್ಲಿ ಬರೆದುಕೊಂಡವನು ಈಗ ಒಂದನ್ನು ಬಿಡಬೇಕು. ಮೇಜಿನ ಸುತ್ತ ಮೌನ ಕವಿಯುತ್ತದೆ. ಈ ಪ್ರಶ್ನೆಗೆ ದಾಳ ಉತ್ತರ ಹೇಳಲಾರದು.