ಮೂರು ಸಾಲಿನ ಹಾಡು

ಕಳೆದ ಶ್ರಾವಣದ ಒಂದು ಭಾನುವಾರ ನಮ್ಮ ಅಕ್ಕನ ಮಗ ಆಬಿಡ್ಸಿನ ಬೀದಿಬದಿಯ ಹಳೆ ಪುಸ್ತಕದ ಸಾಲಿಗೆ ಹೋದವನು, ಪುಸ್ತಕ ಬಿಟ್ಟು ಒಂದು ಗ್ರಾಮೊಫೋನ್ ತಟ್ಟೆ ಹಿಡಿದುಕೊಂಡು ಮಾದಾಪುರದ ನಮ್ಮ ಮನೆಗೆ ಬಂದ. ಬೆಲೆ ಎಂಟುನೂರು ರೂಪಾಯಿ. ತಿಂಗಳ ಕೊನೆಯ ವಾರದಲ್ಲಿ ಕಾಯಿಪಲ್ಲೆಯ ಲೆಕ್ಕ ಬರೆದಿಡುವ ಸರಕಾರಿ ಗುಮಾಸ್ತರಾದ ನಮ್ಮ ಎದೆ ಧಸಕ್ಕೆಂದಿತು. ಹುಡುಗ ಇಲ್ಲಿನ ಗಾಜಿನ ಗೋಪುರವೊಂದರಲ್ಲಿ ಕಂಪ್ಯೂಟರ್ ಕೆಲಸದವನು, ದುಡ್ಡು ಅವನದು. ಆದರೂ ಮಾಮನಾದವನು ಒಂದು ಮಾತು ಅನ್ನದಿದ್ದರೆ ಹೇಗೆ?

"ಈ ಹಾಡು ಫೋನಿನ್ಯಾಗ ಪುಕ್ಕಟ ಸಿಗತಾವಲ್ಲೋ" ಎಂದೆವು.

"ಮಾಮಾ, ಒಮ್ಮೆ ಕುಂತು ಕೇಳ್ರಿ" ಎಂದನಾತ.

ತಟ್ಟೆಯ ರಟ್ಟಿನ ಮೇಲೆ ನಾಲ್ವರು ಗೋಡೆಗೆ ಒರಗಿ ಕೂತಿದ್ದಾರೆ. ಅವರಲ್ಲೊಬ್ಬ ಜಗತ್ತಿನ ಗೊಡವೆಯೇ ಇಲ್ಲದವನಂತೆ 'ಬೀನೋ' ಎಂಬ ಮಕ್ಕಳ ಚಿತ್ರಪತ್ರಿಕೆಯನ್ನು ಓದುತ್ತಿದ್ದಾನೆ. ಅವನೇ ಎರಿಕ್ ಕ್ಲಾಪ್ಟನ್. ಆಗ ಇಪ್ಪತ್ತೊಂದರ ಹುಡುಗ. ತಂಡದ ಯಜಮಾನ ಜಾನ್ ಮೇಯಾಲ್, 2024ರಲ್ಲಿ ತೀರಿಕೊಂಡರು. ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಮುದ್ರಣಗೊಂಡು 1966ರ ಜುಲೈನಲ್ಲಿ ಹೊರಬಂದ ಸಂಗ್ರಹವಿದು. ನಮ್ಮ ಹುಡುಗ ತಂದದ್ದು ಮೊದಲ ಅಚ್ಚಿನದಲ್ಲ, ಆಮೇಲಿನ ಮರುಮುದ್ರಣ. ಮೊದಲ ಅಚ್ಚಿನದಾಗಿದ್ದರೆ ಎಂಟುನೂರಕ್ಕೆ ಸಿಕ್ಕುತ್ತಿತ್ತೇ?

ಮುಳ್ಳು ಇಟ್ಟ ಕೂಡಲೆ ಒಗ್ಗರಣೆ ಸಿಡಿದಂತೆ ಚಟಪಟ ಎಂದಿತು. ಆಮೇಲೆ ಬಂತು ನೋಡಿ ಗಿಟಾರು! ಗೋಣಿಚೀಲ ಹರಿದಂಥ ದನಿ. ಅದಕ್ಕೊಂದು ಕಾರಣವಿದೆಯೆಂದು ಹುಡುಗ ಹೇಳಿದ. ಸ್ಟುಡಿಯೋಗಳಲ್ಲಿ ವಾದ್ಯದ ಸದ್ದು ತಗ್ಗಿಸಿ ನುಡಿಸುವುದು ಅಂದಿನ ಪದ್ಧತಿ. ಕ್ಲಾಪ್ಟನ್ ಒಪ್ಪಲಿಲ್ಲ. ವೇದಿಕೆಯ ಮೇಲೆ ಎಷ್ಟು ಜೋರಾಗಿ ನುಡಿಸುವೆನೋ ಇಲ್ಲಿಯೂ ಅಷ್ಟೇ. ಬೇಕಾದರೆ ಮೈಕನ್ನು ದೂರ ಇಡಿ ಎಂದು ಹಟ ಹಿಡಿದ. ಆ ಹಟದಿಂದಲೇ ದನಿ ಹಸಿಹಸಿಯಾಗಿ ಉಳಿದು, ಮುಂದಿನ ಗಿಟಾರು ವಾದಕರಿಗೆಲ್ಲ ಮೇಲ್ಪಂಕ್ತಿಯಾಯಿತು.

ನಿಜ ಹೇಳಬೇಕೆಂದರೆ, ನಮಗೆ ಅರ್ಧ ತಲೆನೋವು ಬಂದಿತ್ತು. ಅಷ್ಟರಲ್ಲಿ ಗದ್ದಲ ಅಡಗಿ ಪಿಯಾನೋ ಜೊತೆಗೆ ಒಂಟಿ ದನಿಯೊಂದು ಎದ್ದಿತು. 'ರ್‍ಯಾಂಬ್ಲಿನ್ ಆನ್ ಮೈ ಮೈಂಡ್' ಎಂಬ ಹಾಡು. ಊರು ಬಿಟ್ಟು ಹೊರಟವನ ಮನಸ್ಸಿನದು. ಕ್ಲಾಪ್ಟನ್ ತಟ್ಟೆಯೊಂದರಲ್ಲಿ ತಾನೊಬ್ಬನೇ ಮುಂದಾಗಿ ಹಾಡಿದ ಮೊದಲ ಹಾಡು. ದನಿಯಲ್ಲಿ ಅಂಜಿಕೆ ಇನ್ನೂ ಇದೆ.

ಒಳಗಿನ ಕೋಣೆಯಲ್ಲಿ ಮಲಗಿದ್ದ ನಮ್ಮ ಅವ್ವ ಎದ್ದು ಬಾಗಿಲಿಗೆ ಬಂದು ನಿಂತಳು.

"ಇಂವಾ ಯಾರೋ ತಮ್ಮಾ? ಬೀಸೂ ಪದಾ ಹಾಡಾಕತ್ತಾನಲ್ಲ!"

ನಾವು ನಕ್ಕೆವು. ಅವ್ವ ನಗಲಿಲ್ಲ. "ಮಾತು ನನಗ ತಿಳೀಲಿಲ್ಲ. ಆದ್ರ ಹೇಳಿದ್ದನ್ನ ಎರಡು ಸಲ ಹೇಳಿ, ಮೂರನೇದಕ್ಕ ಗಂಟು ಬಿಚ್ಚತಾನ ನೋಡು."

ನಮ್ಮ ಬಿ.ಎ. ಪದವಿ ಅಲ್ಲಿಗೆ ತಲೆ ತಗ್ಗಿಸಿತು. ಬ್ಲೂಸ್ ಎಂಬ ಹಾಡಿನ ಕಟ್ಟು ನಿಜವಾಗಿಯೂ ಹಾಗೆಯೇ: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಮೂರನೆಯದು ಉತ್ತರ. ನಮ್ಮ ತ್ರಿಪದಿಗೂ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ತುಂಡನ್ನು ಮರಳಿ ಎತ್ತಿಕೊಳ್ಳುವುದು ರೂಢಿ. ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ. ಆದರೆ ದುಡಿಯುವವರ ಉಸಿರು ಎಲ್ಲ ಕಡೆಗೂ ಒಂದೇ ತೆರನಾಗಿರಬೇಕು.

ಅಮೆರಿಕದ ದಕ್ಷಿಣ ಸೀಮೆಯಲ್ಲಿ, ಗುಲಾಮರಾಗಿ ತರಲ್ಪಟ್ಟ ಕರಿಯ ಜನರ ಮಕ್ಕಳು ಮೊಮ್ಮಕ್ಕಳು ಹತ್ತಿಯ ಹೊಲಗಳಲ್ಲಿ ದುಡಿಯುತ್ತ ಕಟ್ಟಿದ ಹಾಡು ಬ್ಲೂಸ್. ಕೂಲಿ ಅರಸಿ ರೈಲು ಹತ್ತಿ ಶಿಕಾಗೋದಂಥ ನಗರಗಳಿಗೆ ಹೋದವರು ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋದರು. ಅವ್ವ ಕೇಳಿದ ಹಾಡನ್ನು ಮೊದಲು ಹಾಡಿದವ ರಾಬರ್ಟ್ ಜಾನ್ಸನ್. 1936ರಲ್ಲಿ ಸ್ಯಾನ್ ಅಂಟೋನಿಯೊ ನಗರದ ಹೋಟೆಲಿನ ಕೋಣೆಯೊಂದರಲ್ಲಿ ಅದು ತಟ್ಟೆಗೆ ಇಳಿಯಿತು. ಒಟ್ಟು 29 ಹಾಡುಗಳನ್ನು ಬಿಟ್ಟು, 1938ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ ಆತ ತೀರಿಹೋದ. 1961ರಲ್ಲಿ ಅವುಗಳಲ್ಲಿ ಕೆಲವನ್ನು ಕೂಡಿಸಿ ದೊಡ್ಡ ತಟ್ಟೆಯೊಂದು ಹೊರಟಿತು. ಇಂಗ್ಲೆಂಡಿನ ಹುಡುಗರು ಅವನ ದನಿ ಕೇಳಿದ್ದು ಹಾಗೆ. ತಟ್ಟೆ ಇಲ್ಲದಿದ್ದರೆ ಅವನೆಲ್ಲಿ, ಆಬಿಡ್ಸ್ ಎಲ್ಲಿ, ನಮ್ಮ ಅವ್ವ ಎಲ್ಲಿ?

ಈ ವಿಚಾರ ಬಂದಾಗ ನಮಗೆ ನೆನಪಾದುದು ನಮ್ಮ ವಿಜಯಪುರ ಜಿಲ್ಲೆಯ ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅಮೆರಿಕದ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಣದ ಯಂತ್ರ ಹೊತ್ತು ಮಿಸಿಸಿಪಿಯ ತೋಟದಲ್ಲಿ ಮಡ್ಡಿ ವಾಟರ್ಸ್ ಎಂಬ ಕೂಲಿಯಾಳಿನ ಹಾಡು ಹಿಡಿದದ್ದು ಅದಕ್ಕೆ ಹತ್ತು ವರ್ಷ ಆಮೇಲೆ, 1941ರಲ್ಲಿ. ನಮ್ಮವರೇ ಮುಂದಿದ್ದರು ಎಂದು ಹೆಮ್ಮೆಪಡೋಣ. ಆದರೆ ಪುಸ್ತಕ ಮಾತನ್ನು ಉಳಿಸುತ್ತದೆ, ದನಿಯನ್ನಲ್ಲ. ಹಾಡಿದ ಆ ತಾಯಂದಿರ ಏರಿಳಿತ, ನಡುವಿನ ಉಸಿರು, ಕಲ್ಲಿನ ಗರಗರ ಅಚ್ಚಿನಲ್ಲಿ ಹೇಗೆ ನಿಲ್ಲಬೇಕು?

"ಆಯಿ, ನೀ ಒಂದು ಹಾಡು" ಎಂದ ಹುಡುಗ, ಫೋನನ್ನು ಮುಂದಿಟ್ಟು.

ಅಪ್ಪ ತೀರಿದ ಮೇಲೆ ಅವ್ವನನ್ನು ಭೀಮಾತೀರದ ಊರಿನಿಂದ ಇಲ್ಲಿಗೆ ಕರೆತಂದು ಆರು ವರ್ಷ. ಮಿಕ್ಸರ್ ಇರುವ ಮನೆಯಲ್ಲಿ ಬೀಸುಕಲ್ಲಿಗೆ ಎಡೆಯಿಲ್ಲ. ನಾವೂ ಈವರೆಗೆ ಆಕೆಯನ್ನು "ಹಾಡು" ಎಂದು ಕೇಳಿದವರಲ್ಲ. ಆಕೆ ಚಾಪೆಯ ಮೇಲೆ ಕೂತಳು. ಬಲಗೈ ತಾನಾಗಿಯೇ ಗುಂಡಗೆ ತಿರುಗತೊಡಗಿತು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಎರಡು ಪದ ನೆಟ್ಟಗೆ ಬಂದವು. ಮೂರನೆಯದಕ್ಕೆ ಎರಡು ಸಾಲು ಹಾಡಿ ನಿಂತಳು. ಕೈಯೂ ನಿಂತಿತು.

"ಮರತೇನೋ ತಮ್ಮಾ" ಎಂದಳು. ಎಂಟುನೂರು ರೂಪಾಯಿಗೆ ಮರುಗಿದ್ದ ನಮಗೆ ನಿಜವಾದ ಲುಕ್ಸಾನು ಯಾವುದೆಂದು ಆಗ ತಿಳಿಯಿತು.

ಊರು ಬಿಟ್ಟು ಬಂದ ನಮ್ಮ ಸಂಘದ ಮನೆಮನೆಯಲ್ಲೂ ಹೀಗೆ ಯಾರೂ ಕೇಳದಿರುವ ಹಿರಿಯರಿದ್ದಾರೆ. ದೊಡ್ಡ ಸ್ಟುಡಿಯೋ ಬೇಡ, ಸುಶ್ರಾವ್ಯ ಕಂಠವೂ ಬೇಡ. ಕೆಮ್ಮು ಬಂದರೆ ಕೆಮ್ಮೂ ಇರಲಿ. ಕೈಯಲ್ಲಿರುವ ಫೋನು ಸಾಕು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿರೆಂದು ವಾಚಕರಲ್ಲಿ ನಮ್ಮ ಬಿನ್ನಹ.

ಮರುದಿನ ಮುಂಜಾನೆ ನಾವು ಕಚೇರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆವು. ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟು ಕೂಗಿದಳು:

"ಏ ಕೂಸ, ಆ ಫೋನ್ ತಗೊಂಬಾರೋ. ಮೂರನೇ ಸಾಲು ಬಂತು!"