ವಿದ್ಯುತ್ ಬೈಸಿಕಲ್ಲು: ಕೊಳ್ಳುವ ಮುನ್ನ ಒಂದು ಲೆಕ್ಕ

ಬೈಸಿಕಲ್ಲಿಗೆ ವಿದ್ಯುತ್ ಮೋಟಾರನ್ನು ಜೋಡಿಸಬೇಕೆಂಬ ಯೋಚನೆ ಹೊಸತೇನೂ ಅಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತನು ಹಿಂಚಕ್ರದ ಹಬ್ಬಿನಲ್ಲಿಯೇ ಮೋಟಾರನ್ನಿರಿಸಿದ ಬೈಸಿಕಲ್ಲಿಗೆ 1895ರಲ್ಲಿಯೇ ಪೇಟೆಂಟು ಪಡೆದಿದ್ದನು. ಆ ಯೋಚನೆ ಬೀದಿಗಿಳಿಯಲು ಸುಮಾರು ನೂರು ವರ್ಷ ಹಿಡಿಯಿತು. ಕೊರತೆಯಿದ್ದುದು ಮೋಟಾರಿಗಲ್ಲ, ಹಗುರವಾದ ಬ್ಯಾಟರಿಗೆ. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಆ ಕೊರತೆ ಕ್ರಮೇಣ ನೀಗಿತು.

ಇಂದು ಕಚೇರಿಗೆ ಹೋಗಿಬರಲೂ ಭಾನುವಾರ ಊರಾಚೆ ವಿಹರಿಸಲೂ ಒಂದೇ ವಾಹನ ಸಾಕೆನ್ನುವ ಮಿತ ವರಮಾನದವರನ್ನು ಇದು ಆಕರ್ಷಿಸುತ್ತಿದೆ. ಆದರೆ ಅಂಗಡಿಯಲ್ಲಿ ಸಾಲಾಗಿ ನಿಂತ ಬೈಸಿಕಲ್ಲುಗಳಲ್ಲಿ ಯಾವುದನ್ನು ಆರಿಸಬೇಕು? ಕೂಡಿಟ್ಟ ಹಣ ವ್ಯರ್ಥವಾಗದಂತೆ ಮಾಡಲು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕೆಂಬುದನ್ನು ಇಲ್ಲಿ ತೋರಿಸಲೆತ್ನಿಸುತ್ತೇವೆ.

ಮೋಟಾರಿನ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದರ ಸಾಮರ್ಥ್ಯ 250 ವಾಟ್‌ಗಳ ಮಿತಿಯೊಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರನ್ನು ಮೀರದಿದ್ದರೆ, ಭಾರತದ ನಿಯಮಗಳ ಪ್ರಕಾರ ಅದು ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಮಾನ್ಯ ಪರೀಕ್ಷಾ ಸಂಸ್ಥೆಯ ಅನುಮೋದನೆ ಅದಕ್ಕಿದೆಯೇ ಎಂದು ಮಾತ್ರ ಕೇಳಿ ತಿಳಿಯಬೇಕು. ಈ ಮಿತಿಯೊಳಗಿನ ಮೋಟಾರುಗಳಲ್ಲಿ ಅಂತರ ಅಲ್ಪ. ನಿಜವಾದ ಅಂತರವಿರುವುದು ಬ್ಯಾಟರಿಯಲ್ಲಿ.

ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರಲ್ಲಿ ತುಂಬಬಹುದಾದ ಶಕ್ತಿ ವಾಟ್-ಗಂಟೆಗಳಲ್ಲಿ ದೊರೆಯುತ್ತದೆ. 36 ವೋಲ್ಟಿನ, 7.5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 270 ವಾಟ್-ಗಂಟೆಗಳಷ್ಟು ಶಕ್ತಿಯಿರುತ್ತದೆ. ಇದರಿಂದ ಎಷ್ಟು ದೂರ ಹೋಗಬಹುದು? ಸವಾರನೂ ಬೈಸಿಕಲ್ಲೂ ಸೇರಿ 100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆಯನ್ನೂ ಟೈರುಗಳ ಘರ್ಷಣೆಯನ್ನೂ ಗೆಲ್ಲಲು ಸುಮಾರು 100 ವಾಟ್ ಬೇಕು. ಮೋಟಾರಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ ಕಿಲೋಮೀಟರಿಗೆ ಸುಮಾರು 7 ವಾಟ್-ಗಂಟೆ ಖರ್ಚಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 25 ಕಿಲೋಮೀಟರ್ ವೇಗದಲ್ಲಿ ಈ ಖರ್ಚು 9ನ್ನು ಮೀರುತ್ತದೆ. ತುಳಿಯದೆ ಕುಳಿತವನು ಮೊದಲ ವೇಗದಲ್ಲಿ ಸುಮಾರು 40 ಕಿಲೋಮೀಟರ್ ಸಾಗಿದರೆ, ಎರಡನೆಯದರಲ್ಲಿ 30ನ್ನೂ ಮುಟ್ಟಲಾರನು. ನಗರದಲ್ಲಿ ಇಷ್ಟೂ ಸಿಗದು: ದೀಪದ ಕಂಬದ ಬಳಿ ಬ್ರೇಕು ಹಾಕಿದಾಗಲೆಲ್ಲ ಸುಮಾರು ಅರ್ಧ ವಾಟ್-ಗಂಟೆ ಶಾಖವಾಗಿ ಕಳೆದುಹೋಗುತ್ತದೆ.

ಆದುದರಿಂದ ಕಿಲೋಮೀಟರಿಗೆ 10 ವಾಟ್-ಗಂಟೆಯೆಂದೆಣಿಸುವುದು ಕ್ಷೇಮ. ಬ್ಯಾಟರಿ ಹಳೆಯದಾದಂತೆ ಕುಗ್ಗುವುದರಿಂದ, ಬಂದ ಮೊತ್ತಕ್ಕೆ ಅದರ ಅರ್ಧವನ್ನು ಕೂಡಿಸಬೇಕು. ಕಚೇರಿ 8 ಕಿಲೋಮೀಟರ್ ದೂರವಿದ್ದರೆ ಹೋಗಿಬರಲು 160, ಅದರ ಅರ್ಧ 80, ಒಟ್ಟು 240 ವಾಟ್-ಗಂಟೆ; ಮೇಲೆ ಹೇಳಿದ ಬ್ಯಾಟರಿ ಸಾಕು. ದೂರ 12 ಕಿಲೋಮೀಟರ್ ಆದರೆ 360 ಬೇಕು. ಅದಕ್ಕಿಂತ ದೊಡ್ಡದನ್ನು ಕೊಂಡರೆ ಬಳಸದ ಶಕ್ತಿಗೆ ಬೆಲೆ ತೆತ್ತಂತೆ.

ವಿಹಾರದ ಲೆಕ್ಕ ಬೇರೆ. ಮೈಸೂರಿನ ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರವಿದೆ. ನಮ್ಮ 100 ಕಿಲೋಗ್ರಾಂ ಭಾರವನ್ನು ಅಷ್ಟು ಮೇಲೇರಿಸಲು ಗುರುತ್ವಾಕರ್ಷಣೆಗೆ ಸಲ್ಲಬೇಕಾದ ಕಪ್ಪ ಸುಮಾರು 82 ವಾಟ್-ಗಂಟೆ. ನಷ್ಟ ಸೇರಿದರೆ 115ನ್ನು ಮುಟ್ಟುತ್ತದೆ. ಅಂದರೆ ಚಿಕ್ಕ ಬ್ಯಾಟರಿಯ ಐದರಲ್ಲಿ ಎರಡು ಪಾಲು ಬರಿಯ ಎತ್ತರಕ್ಕೇ ಮುಗಿಯುತ್ತದೆ! ಅಗ್ಗದ ಬೈಸಿಕಲ್ಲುಗಳಲ್ಲಿ ಮೋಟಾರು ಚಕ್ರದ ಹಬ್ಬಿನಲ್ಲಿರುವುದರಿಂದ ಅದಕ್ಕೆ ಬೈಸಿಕಲ್ಲಿನ ಗೇರುಗಳ ನೆರವಿಲ್ಲ. ಏರಿನಲ್ಲಿ ವೇಗ ತಗ್ಗಿದಂತೆ ಅದು ಕಾವೇರುತ್ತದೆ. ಅಲ್ಲಿ ಕೆಳಗಿನ ಗೇರಿನಲ್ಲಿ ತುಳಿದು ಅದಕ್ಕೆ ಹೆಗಲು ಕೊಡಲೇಬೇಕು. ಇಳಿಜಾರಿಗಾಗಿ ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಇರುವುದು ಲೇಸು.

ಬೆಲೆಯ ವಿಷಯದಲ್ಲಿಯೂ ಒಂದು ಭ್ರಮೆಯಿದೆ. 270 ವಾಟ್-ಗಂಟೆ ತುಂಬಲು ಸುಮಾರು ಮೂರನೆಯ ಒಂದು ಯೂನಿಟ್ ವಿದ್ಯುತ್ ಸಾಕು. ಯೂನಿಟ್ಟಿಗೆ 7 ರೂಪಾಯಿಯೆಂದರೂ ಕಿಲೋಮೀಟರಿಗೆ ಹತ್ತು ಪೈಸೆ ದಾಟದು. ಆದರೆ ಬ್ಯಾಟರಿಗೆ 12,000 ರೂಪಾಯಿ ಬೆಲೆಯೆಂದೂ, ಅದು 500 ಸಲ ತುಂಬಿ ಬರಿದಾಗುವವರೆಗೆ ಬಾಳುತ್ತದೆಂದೂ, ಪ್ರತಿಸಲ 25 ಕಿಲೋಮೀಟರ್ ಸಾಗಿಸುತ್ತದೆಂದೂ ಇಟ್ಟುಕೊಂಡರೆ, ಅದರ ಸವಕಳಿಯೇ ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿಯಾಗುತ್ತದೆ. ಆದ್ದರಿಂದ ಹೊಸ ಬ್ಯಾಟರಿಯ ಬೆಲೆ, ಅದು ದೊರೆಯುವ ಸ್ಥಳ, ಖಾತರಿಯ ಅವಧಿ ಇವನ್ನು ಮೊದಲೇ ವಿಚಾರಿಸಬೇಕು. ಅಗ್ಗವೆಂದು ಸೀಸದ ಬ್ಯಾಟರಿಗೆ ಮನಸೋಲಬಾರದು. ಅಷ್ಟೇ ಶಕ್ತಿಗೆ ಅದರ ತೂಕ ಮೂರು ನಾಲ್ಕು ಪಟ್ಟು. ಲಿಥಿಯಂ ಬ್ಯಾಟರಿಯನ್ನಾದರೋ ಅದರದೇ ಚಾರ್ಜರಿನಿಂದ, ಬಿಸಿಲಿನಿಂದ ಬಂದೊಡನೆ ಅಲ್ಲದೆ ತಣಿದ ಮೇಲೆ ತುಂಬಬೇಕು. ಎಚ್ಚರ ತಪ್ಪಿದರೆ ಬೆಂಕಿಯ ಅಪಾಯವುಂಟು.

ಕೊನೆಯದಾಗಿ, ಹಣ ಕೊಡುವ ಮುನ್ನ ಮೋಟಾರನ್ನು ಆರಿಸಿ, ಅಂಗಡಿಯ ಮುಂದಿನ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ತುಳಿದು ನೋಡುವುದೊಳಿತು. ಬ್ಯಾಟರಿ ನಡುದಾರಿಯಲ್ಲಿ ಬರಿದಾದ ದಿನ ಮನೆ ಸೇರಬೇಕಾದುದು ಹಾಗೆಯೇ. ಮೋಟಾರಿಲ್ಲದೆ ಸಲೀಸಾಗಿ ಸಾಗುವ ಬೈಸಿಕಲ್ಲೇ ಮೋಟಾರಿನೊಡನೆಯೂ ಹೆಚ್ಚು ದೂರ ಸಾಗುತ್ತದೆ.