ಚಂಡಮಾರುತದ ನಂತರ ಬಿಸಿಲಿನ ವಿದ್ಯುತ್ತು

ಅತಿವೃಷ್ಟಿ ಬಿರುಗಾಳಿಗಳಿಂದ ಬೆಳೆ ಹಾಳಾಗುವುದು ಮೊದಲನೆಯ ನಷ್ಟ. ವಿದ್ಯುತ್ ಕಂಬಗಳು ಬಿದ್ದು ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ, ಆಸ್ಪತ್ರೆಯ ಔಷಧಗಳನ್ನು ತಂಪಾಗಿಡುವ ಪೆಟ್ಟಿಗೆ ಎಲ್ಲವೂ ಏಕಕಾಲಕ್ಕೆ ನಿಂತುಹೋಗುವುದು ಅದರ ಬೆನ್ನಿಗೇ ಬರುವ ಎರಡನೆಯ ನಷ್ಟ. ಈ ಎರಡನೆಯದನ್ನು ಗ್ರಾಮಸ್ಥರು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದೆಂಬುದಕ್ಕೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಸಂಗತಿಯು ತಕ್ಕ ನಿದರ್ಶನವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಈ ದ್ವೀಪದ ಮೇಲೆ 2017ನೆಯ ಇಸವಿ ಸೆಪ್ಟೆಂಬರ್ 20ನೆಯ ತಾರೀಖು ‘ಮರಿಯಾ’ ಎಂಬ ಚಂಡಮಾರುತವು ಎರಗಿತು. ಬೆಳೆಗಳ ಮೌಲ್ಯದಲ್ಲಿ ನೂರಕ್ಕೆ ಸುಮಾರು 80 ಪಾಲು ನಾಶವಾಯಿತೆಂದು ಅಲ್ಲಿನ ವ್ಯವಸಾಯ ಇಲಾಖೆಯವರು ಅಂದಾಜು ಮಾಡಿದರು. ದ್ವೀಪದ ದೊಡ್ಡ ವಿದ್ಯುದಾಗಾರಗಳು ಬಹುತೇಕ ದಕ್ಷಿಣದ ಕರಾವಳಿಯಲ್ಲಿಯೂ ಜನಸಂದಣಿಯು ಉತ್ತರದಲ್ಲಿಯೂ ಇದ್ದುದರಿಂದ, ತಂತಿಗಳು ನಡುವಣ ಬೆಟ್ಟಗಳನ್ನು ದಾಟಿ ಬರಬೇಕಾಗಿತ್ತು. ಅವು ಕಡಿದುಬೀಳಲು ದ್ವೀಪವೆಲ್ಲವೂ ಕತ್ತಲಾಯಿತು. ಬೆಟ್ಟದ ಕೆಲವು ಮನೆಗಳಿಗೆ ವಿದ್ಯುತ್ತು ಮರಳಿ ಬರಲು ಹತ್ತು ತಿಂಗಳಿಗೂ ಮೇಲ್ಪಟ್ಟು ಹಿಡಿಯಿತು.

ಅದ್‌ಹುಂತಾಸ್ ಎಂಬುದು ಅಲ್ಲಿಯ ಕಾಫಿ ಬೆಳೆಯುವ ಬೆಟ್ಟದ ಸೀಮೆ. 1980ರಲ್ಲಿ ಗಣಿಗಾರಿಕೆಯನ್ನು ವಿರೋಧಿಸಲು ಊರವರು ಕಟ್ಟಿಕೊಂಡ ‘ಕಾಸಾ ಪುವೆಬ್ಲೋ’, ಅಂದರೆ ‘ಊರ ಮನೆ’, ಎಂಬ ಸಂಘವು ಅಲ್ಲಿದೆ. ಕಾಫಿಯನ್ನು ಮಾರಿ ತನ್ನ ವೆಚ್ಚವನ್ನು ತೂಗಿಸಿಕೊಂಡು ಬಂದ ಈ ಸಂಘವು 1999ರಲ್ಲಿಯೇ ತನ್ನ ಕಟ್ಟಡಕ್ಕೆ ಬಿಸಿಲಿನಿಂದ ವಿದ್ಯುತ್ತು ಉತ್ಪಾದಿಸುವ ಫಲಕಗಳನ್ನು ಕೂರಿಸಿತ್ತು. ಮರಿಯಾ ಕಳೆದ ಮೇಲೆ ಊರಿನಲ್ಲಿ ಆ ಮನೆಯ ದೀಪ ಉರಿಯುತ್ತಿತ್ತು. ಉಸಿರಾಟದ ಯಂತ್ರಗಳನ್ನೂ ಟೆಲಿಫೋನುಗಳನ್ನೂ ಹೊತ್ತು ಜನರು ಅಲ್ಲಿಗೆ ಬಂದರು. ಅಲ್ಲಿಂದಲೇ ಸುಮಾರು 14,000 ಸೌರದೀಪಗಳು ಹಂಚಲ್ಪಟ್ಟವು. ಮುಂದೆ ಕಿರಾಣಿ ಅಂಗಡಿ, ಕ್ಷೌರದ ಅಂಗಡಿ ಮೊದಲಾದವುಗಳಿಗೂ ಫಲಕಗಳು ಬಂದವು. 2022ರ ಸೆಪ್ಟೆಂಬರಿನಲ್ಲಿ ‘ಫಿಯೋನಾ’ ಚಂಡಮಾರುತದಿಂದ ದ್ವೀಪವು ಪುನಃ ಕತ್ತಲಾದಾಗ ಈ ಕಟ್ಟಡಗಳಲ್ಲಿ ಬೆಳಕು ತಪ್ಪಲಿಲ್ಲ.

ಆದರೆ ಫಲಕವಿದ್ದ ಮಾತ್ರಕ್ಕೆ ಬೆಳಕು ಇರುವುದೆಂದು ಭಾವಿಸಕೂಡದು. ಸಾರ್ವಜನಿಕ ತಂತಿಗೆ ಜೋಡಿಸಿದ ಸಾಮಾನ್ಯ ಸೌರಯಂತ್ರವು, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುವಂತೆ ರಚಿಸಲ್ಪಟ್ಟಿರುತ್ತದೆ. ಕಡಿದ ತಂತಿಯನ್ನು ದುರಸ್ತು ಮಾಡುವ ಕೆಲಸಗಾರನಿಗೆ ಅಪಾಯವಾಗಬಾರದೆಂಬುದೇ ಇದಕ್ಕೆ ಮುಖ್ಯ ಕಾರಣ. ನಮ್ಮಲ್ಲಿ ಸಹಾಯಧನದಿಂದ ಮನೆಗಳ ಮೇಲೆ ಕೂರಿಸಲಾಗುತ್ತಿರುವ ಫಲಕಗಳು ಹೆಚ್ಚಾಗಿ ಈ ಬಗೆಯವೇ. ಬ್ಯಾಟರಿಯೂ, ತಂತಿಯಿಂದ ಬೇರ್ಪಟ್ಟು ತಾನಾಗಿ ನಡೆಯಬಲ್ಲ ಯಂತ್ರವೂ ಇದ್ದರೆ ಮಾತ್ರ ಆಪತ್ತಿನಲ್ಲಿ ಪ್ರಯೋಜನವುಂಟು. ಫಲಕಗಳನ್ನು ಭದ್ರವಾಗಿ ಬಿಗಿಯುವುದೂ ಅಷ್ಟೇ ಮುಖ್ಯವಾದುದು. ಮರಿಯಾದಲ್ಲಿ ಉಮಕಾವೊ ಎಂಬಲ್ಲಿಯ ದೊಡ್ಡ ಸೌರಕ್ಷೇತ್ರವೊಂದು ಬಹುವಾಗಿ ಹಾನಿಗೊಂಡಿತು.

2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದ ಕೊಡಗಿನಂಥ ಸೀಮೆಗೆ ಮತ್ತೊಂದು ತೊಡಕುಂಟು. ಚಂಡಮಾರುತವು ದಾಟಿಹೋದರೆ ಬಿಸಿಲು ಬರುವುದು. ಮಲೆನಾಡಿನ ಮಳೆಯಾದರೋ ವಾರಗಟ್ಟಲೆ ಬಿಡದು. ಬಯಲುಸೀಮೆಯ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುವ ಒಂದು ಕಿಲೋವ್ಯಾಟಿನ ಫಲಕವು ದಟ್ಟ ಮೋಡದಲ್ಲಿ ಅದರ ಅರ್ಧವನ್ನೂ ಕೊಡಲಾರದು. ಆದುದರಿಂದ ಇಂಥಲ್ಲಿ ಫಲಕಗಳನ್ನು ಲೆಕ್ಕಕ್ಕಿಂತ ಹೆಚ್ಚಾಗಿ ಹಾಕಿಸಿ, ಬಳಕೆಯನ್ನು ದೀಪ, ಟೆಲಿಫೋನು, ಔಷಧದ ಪೆಟ್ಟಿಗೆ ಇಷ್ಟಕ್ಕೇ ಮಿತಗೊಳಿಸತಕ್ಕದ್ದು. ನೀರಿನ ಪಂಪಿಗೆ ಬೇರೆಯೇ ಫಲಕಗಳನ್ನು ಗೊತ್ತುಮಾಡಿ, ಬಿಸಿಲು ಬಂದಾಗ ಮೇಲಿನ ತೊಟ್ಟಿಯನ್ನು ತುಂಬಿಸಿಕೊಳ್ಳುವುದು ಮೇಲು. ತುಂಬಿದ ತೊಟ್ಟಿಗೆ ಬ್ಯಾಟರಿ ಬೇಕಿಲ್ಲ.

ಸ್ಥಳವನ್ನು ಆರಿಸುವಾಗ ಯಜಮಾನರು ತಮ್ಮ ಮನೆಯನ್ನಲ್ಲದೆ, ನೆರೆಯ ನೀರು ಮುಟ್ಟದ ಎತ್ತರದಲ್ಲಿಯೂ ಗುಡ್ಡದ ಇಳಿಜಾರಿನಿಂದ ದೂರದಲ್ಲಿಯೂ ಇರುವ ಶಾಲೆಯನ್ನೋ ಪಂಚಾಯಿತಿಯ ಕಟ್ಟಡವನ್ನೋ ಗೊತ್ತುಮಾಡುವುದು ಯುಕ್ತ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದು ಸಾಯಂಕಾಲ ಮುಖ್ಯ ತಂತಿಯ ಸ್ವಿಚ್ಚನ್ನು ಆರಿಸಿ, ಬೆಳಗಿನವರೆಗೆ ದೀಪಗಳು ಉರಿಯುವುವೇ ಎಂದು ಪರೀಕ್ಷಿಸಿ ನೋಡತಕ್ಕದ್ದು.